ನಮ್ಮ ಮನೆಯ ಚಕ್ಕುಬಂದಿಯಲ್ಲಿ ಇಲ್ಲದ ನದಿ



ಎರಡು ವರ್ಷಗಳ ಹಿಂದೆ ಕನ್ಹಾನ್‌ನಲ್ಲಿ ನಾವೊಂದು ಪುಟ್ಟ ಮನೆ ಕೊಂಡೆವು. ಯಜಮಾನರಿಗೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ, ನನಗೆ ಸಾಫ್ಟ್‌ವೇರ್ ಕಂಪನಿಯಲ್ಲಿ. ಹೆಂಗಸಿನ ಹೆಸರಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1 ರಿಯಾಯಿತಿ ಎಂದು 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಡಿದ್ದರಿಂದ ಖರೀದಿ ಪತ್ರ ನನ್ನ ಹೆಸರಲ್ಲೇ ಆಯಿತು. ನೋಂದಣಿಯ ದಿನ ಬೆಂಚಿನ ಮೇಲೆ ಕೂತು ಪತ್ರ ಓದುತ್ತಿದ್ದೆ. ಮರಾಠಿಯಲ್ಲಿ 'ಚತುಃಸೀಮಾ' ಎಂದಿತ್ತು. ನಮ್ಮ ಕಡೆ ಅದನ್ನೇ ಚಕ್ಕುಬಂದಿ ಅನ್ನುತ್ತೇವೆ. ಪೂರ್ವಕ್ಕೆ ಲೇಔಟಿನ ರಸ್ತೆ, ಪಶ್ಚಿಮಕ್ಕೆ ಮತ್ತು ಉತ್ತರಕ್ಕೆ ಬೇರೆ ಪ್ಲಾಟುಗಳು, ದಕ್ಷಿಣಕ್ಕೆ ಖುಲ್ಲಾ ಜಾಗ. ಹೆಚ್ಚೆಂದರೆ ಹದಿನೈದು ನಿಮಿಷ ನಡೆದರೆ ನದಿ ಸಿಗುತ್ತದೆ. ಆದರೆ ಅದರ ಹೆಸರು ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಆ ದಿನ ಇದೇನೂ ದೊಡ್ಡ ಸಂಗತಿ ಅನಿಸಲಿಲ್ಲ. ಊರು ಬೆಳೆಯುತ್ತಿದೆ, ಎಲ್ಲ ಲೇಔಟುಗಳೂ ಹೀಗೆಯೇ ಅಂದುಕೊಂಡೆ.

ನಾಗಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಈ ಊರು ಈಗ ಕನ್ಹಾನ್–ಪಿಪರಿ ನಗರ ಪರಿಷತ್ತು. ನಾಗಪುರ ಮೆಟ್ರೋದ ಎರಡನೇ ಹಂತಕ್ಕೆ 2022ರ ಡಿಸೆಂಬರಿನಲ್ಲಿ ಕೇಂದ್ರದ ಮಂಜೂರಾತಿ ಸಿಕ್ಕಿತು. ಅದರಲ್ಲಿ ಆಟೋಮೋಟಿವ್ ಚೌಕದಿಂದ ಕನ್ಹಾನ್‌ವರೆಗೆ 13 ಕಿ.ಮೀ. ಮಾರ್ಗವೂ ಇದೆ ಎಂದ ಮೇಲೆ ಕೇಳಬೇಕೆ? ಹೊಲಗಳಿಗೆಲ್ಲ ಸುಣ್ಣದ ಗೆರೆ ಬಿದ್ದಿವೆ. ನಮ್ಮಲ್ಲಿಯಂತೆ ಇಲ್ಲಿಯೂ ಗುಂಟೆ ಲೆಕ್ಕವೇ. ಹೊಲವನ್ನು ಗುಂಟೆ ಗುಂಟೆಯಾಗಿ ತುಂಡು ಮಾಡಿ ಮಾರುವುದಕ್ಕೆ 'ಗುಂಠೇವಾರಿ' ಎಂಬ ಹೆಸರೇ ಇದೆ, ಅದನ್ನು ಸಕ್ರಮಗೊಳಿಸಲು 2001ರಲ್ಲಿ ಒಂದು ಕಾಯ್ದೆಯೂ ಬಂದಿದೆ.

ಹೊಸಬರೇ ತುಂಬಿದ ಊರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ತುಮ್ಚ ಗಾವ್ ಕೋಣತ?" ನಾನು ಸೇಡಂ ಎನ್ನುತ್ತೇನೆ. ಈ ವರ್ಷ ಶಾಲೆಯಲ್ಲಿ 'ನನ್ನ ಊರು' ಎಂದು ಹತ್ತು ಸಾಲು ಬರೆಯಲು ಹೇಳಿದಾಗ ಮಗಳು ನನ್ನ ಮುಖ ನೋಡಿದಳು. "ಅಮ್ಮಾ, ನನ್ನ ಊರು ಸೇಡಮ್ಮೋ ಕನ್ಹಾನೋ? ಕನ್ಹಾನ್ ಬಗ್ಗೆ ಬರೆಯೋಕೆ ಏನಿದೆ?" ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು.

ಮೊದಲು ಸಿಕ್ಕಿದ್ದು ಹತ್ತಿರದ ಇತಿಹಾಸ. ನದಿಯ ಆಚೆ ದಂಡೆಯ ಕಾಮ್ಠಿ 1821ರಲ್ಲಿ ಬ್ರಿಟಿಷರ ದಂಡಿನ ಊರಾಗಿ ಹುಟ್ಟಿತು. 1817ರ ನವೆಂಬರಿನ ಸೀತಾಬರ್ಡಿ ಯುದ್ಧದಲ್ಲಿ ಭೋಂಸಲೆ ಅರಸರ ಸೇನೆಗೆ ಸೋಲಾದ ಮೇಲೆ ನಾಗಪುರದ ಮೇಲೆ ಕಣ್ಣಿಡಲು ಇಲ್ಲಿ ಪಡೆ ಇಟ್ಟರು. ಅದು ಮದರಾಸ್ ಸೇನೆಗೆ ಸೇರಿದ ಪಡೆ. ಅಂದರೆ ದಕ್ಷಿಣದ ಮಾತುಗಳು ಈ ನದಿ ದಂಡೆಗೆ ಬಂದು ಇನ್ನೂರು ವರ್ಷವಾಯಿತು. ವಾರಾಣಸಿಯಿಂದ ಜಬಲ್‌ಪುರ, ನಾಗಪುರ, ಹೈದರಾಬಾದ್, ಬೆಂಗಳೂರು ಹಾದು ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 7 ನಮ್ಮ ಕನ್ಹಾನ್ ಸೇತುವೆಯ ಮೇಲೆಯೇ ಸಾಗುತ್ತಿತ್ತು.

ಬೊಂಬಾಯಿಯ ರೈಲು ನಾಗಪುರ ಮುಟ್ಟಿದ್ದು 1867ರಲ್ಲಿ. ಆಮೇಲೆ ಛತ್ತೀಸ್‌ಗಢದ ಕಡೆ ಹೊರಟ ಹಳಿ ಕನ್ಹಾನ್ ದಾಟಿತು. 1887ರಲ್ಲಿ ಸ್ಥಾಪನೆಯಾದ ಬಂಗಾಳ–ನಾಗಪುರ ರೈಲ್ವೆ ಅದನ್ನು ಕಲಕತ್ತೆಯವರೆಗೆ ಜೋಡಿಸಿತು. ರಾಮಟೇಕಿನ ಕಡೆ ಕವಲು ಒಡೆದದ್ದರಿಂದ ಕನ್ಹಾನ್ ಜಂಕ್ಷನ್ ಆಯಿತು. ಆ ಹಾದಿಯ ಮನ್ಸರ್ ಸುತ್ತ ಮ್ಯಾಂಗನೀಸ್ ಗಣಿಗಳು, ನದಿಯ ಎರಡೂ ಕಡೆ ಕಾಮ್ಠಿ ಕಲ್ಲಿದ್ದಲು ಕ್ಷೇತ್ರ. 1973ರಲ್ಲಿ ಕಲ್ಲಿದ್ದಲು ಗಣಿಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಬಂತು. ಗಣಿ, ರೈಲು, ಕಾರ್ಖಾನೆ ಎಂದು ದೂರದ ರಾಜ್ಯಗಳ ಜನ ಬಂದು ನೆಲೆಸಿದರು. ಈಗ ನಮ್ಮಂಥವರ ಸರದಿ.

ಇದನ್ನೆಲ್ಲ ಓದುವಾಗ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಒಂದು ಕಾಲಕ್ಕೆ ಕಾಮ್ಠಿ ಭರಾಟೆಯಿಂದ ಬೆಳೆದ ವ್ಯಾಪಾರದ ಊರು. ರೈಲು ಬಂದ ಮೇಲೆ ವ್ಯಾಪಾರ ನಾಗಪುರಕ್ಕೆ ಜಾರಿತು. 1881ರ ನಂತರ 1891, 1901ರ ಜನಗಣತಿಗಳಲ್ಲಿ ಕಾಮ್ಠಿಯ ಜನಸಂಖ್ಯೆ ಎರಡು ಸಲವೂ ಇಳಿಯಿತು. ಊರು ಬೆಳೆಸುವುದು ರೈಲು ಎಂದು ನಾವು ನಂಬಿದ್ದೇವೆ, ಒಂದು ಊರನ್ನು ಇಳಿಸಿದ್ದೂ ರೈಲೇ. ವೇಗವಾಗಿ ಬೆಳೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಒಂದು ಊರು ಉಳಿಯುವುದಿಲ್ಲ.

ಇನ್ನೂ ಹಿಂದಕ್ಕೆ ಹೋದಾಗ ಸಿಕ್ಕ ಸಂಗತಿ ಓದಿ ನನಗೆ ರೋಮಾಂಚನವಾಯಿತು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ತಾಮ್ರಶಾಸನ ಶಕ 862ರದು, ಅಂದರೆ ಕ್ರಿ.ಶ. 940. ಬರೆಸಿದವನು ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ, ನಮ್ಮ ಪೊನ್ನ ಕವಿಗೆ ಆಶ್ರಯ ಕೊಟ್ಟ ದೊರೆ. ತಮ್ಮ ಜಗತ್ತುಂಗನ ಪುಣ್ಯಕ್ಕಾಗಿ ಅವನು 'ನಾಗಪುರ–ನಂದಿವರ್ಧನ' ಎಂಬ ವಿಷಯದಲ್ಲಿ, ಅಂದರೆ ಆ ಸೀಮೆಯಲ್ಲಿ, ಒಂದು ಗ್ರಾಮವನ್ನು ದಾನ ಕೊಟ್ಟ. ನಾಗಪುರ ಎಂಬ ಹೆಸರು ಮೊದಲು ಕಾಣಸಿಗುವುದು ಇಲ್ಲಿಯೇ ಎನ್ನುತ್ತಾರೆ. ಶಾಸನದ ಭಾಷೆ ಸಂಸ್ಕೃತ. ದಾನದ ಗ್ರಾಮಕ್ಕೆ ನಾಲ್ಕೂ ದಿಕ್ಕಿನ ಎಲ್ಲೆ ಹೇಳಿದ್ದಾರೆ. ದಕ್ಷಿಣಕ್ಕೆ ಒಂದು ನದಿ. ಅದು ನಮ್ಮ ಕನ್ಹಾನ್ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಕೃಷ್ಣನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನನ್ನ ತವರು ಸೇಡಂ ತಾಲ್ಲೂಕಿನಲ್ಲೇ ಇದೆ. ಚಿಕ್ಕವಳಿದ್ದಾಗ ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ಕಾಗಿಣಾ ದಂಡೆಯ ಆ ಪಾಳು ಕೋಟೆಗೆ ಹೋಗಿ ಆಡಿಬಂದವಳು ನಾನು. ಆ ಊರಿನ ಅರಸನ ದಾನಪತ್ರದ ಚಕ್ಕುಬಂದಿಯಲ್ಲಿ ಈ ನದಿ ಇದೆ, ನನ್ನ ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಇಲ್ಲ! ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಛಿಂದವಾಡಾ ಕಡೆಯ ಸಾತ್ಪುಡಾ ಬೆಟ್ಟಗಳಲ್ಲಿ ಹುಟ್ಟುವ ಕನ್ಹಾನ್, ಪೆಂಚ್ ನದಿಯನ್ನು ಕೂಡಿಸಿಕೊಂಡು ವೈನ್‌ಗಂಗೆಗೆ ಸೇರುತ್ತದೆ. ವೈನ್‌ಗಂಗೆ ವರ್ಧೆಯ ಜೊತೆಗೂಡಿ ಪ್ರಾಣಹಿತೆಯಾಗಿ ಗೋದಾವರಿಗೆ ಹೋಗುತ್ತದೆ. ನಮ್ಮ ಸೇತುವೆಯ ಕೆಳಗೆ ಹರಿಯುವುದು ಕೊನೆಗೆ ಗೋದಾವರಿಯ ನೀರೇ.

ಮಹಿಳಾ ವೇದಿಕೆಯ ಸಂಚಿಕೆ ಆದ್ದರಿಂದ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯದೆ ಮುಂದೆ ಹೋಗಲಾರೆ. ಶಾಸನದ ನಂದಿವರ್ಧನ ಎಂದರೆ ರಾಮಟೇಕ್ ಪಕ್ಕದ ಇಂದಿನ ನಗರಧನ್, ವಾಕಾಟಕರ ರಾಜಧಾನಿ. ಎರಡನೆಯ ಚಂದ್ರಗುಪ್ತನ ಮಗಳು ಪ್ರಭಾವತಿಗುಪ್ತಾ ಇಲ್ಲಿಗೆ ಸೊಸೆಯಾಗಿ ಬಂದಳು. ಗಂಡ ಎರಡನೆಯ ರುದ್ರಸೇನ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು, ರಾಜ್ಯಭಾರ ಅವಳೇ ನಡೆಸಿದಳು. ನಂದಿವರ್ಧನದಿಂದ ಅವಳು ಹೊರಡಿಸಿದ ತಾಮ್ರಶಾಸನ ಪುಣೆಯಲ್ಲಿ ಸಿಕ್ಕಿದೆ. ಅದರಲ್ಲಿ ಮೊದಲು ಬರುವುದು ಅವಳ ತವರಿನ, ಗುಪ್ತರ, ವಂಶಾವಳಿ. ಗಂಡನ ಮನೆಯ ನೆಲ ಆಳುತ್ತಾ ತವರಿನ ಹೆಸರು ಕೈಬಿಡದವಳು ಅವಳು.

ಎರಡನೆಯವಳು ನಮ್ಮವಳು. ವಾಕಾಟಕ ನರೇಂದ್ರಸೇನನ ರಾಣಿ ಅಜಿತಭಟ್ಟಾರಿಕೆ ಕುಂತಲ ದೇಶದ ಅರಸನ ಮಗಳು ಎಂದು ಬಾಲಾಘಾಟ್ ತಾಮ್ರಶಾಸನ ಹೇಳುತ್ತದೆ. ಅವಳು ಕದಂಬರ ಮನೆಯ ಮಗಳು ಎಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ಕದಂಬ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರಿಗೂ ಬೇರೆ ಅರಸು ಮನೆತನಗಳಿಗೂ ಕೊಟ್ಟಿದ್ದನ್ನು ತಾಳಗುಂದದ ಶಾಸನವೂ ಹೇಳುತ್ತದೆ. ಕನ್ನಡ ನಾಡಿನಿಂದ ಈ ಸೀಮೆಗೆ ಬಂದ ಹೆಣ್ಣುಮಕ್ಕಳಲ್ಲಿ ನಾವು ಮೊದಲಿನವರಲ್ಲ ಎಂದು ತಿಳಿದಾಗ ಮನಸ್ಸು ಹಗುರಾಯಿತು.

ಇನ್ನೊಂದು ಶಾಸನದ ವಿಷಯ ಹೇಳಿ ಮುಗಿಸುತ್ತೇನೆ. ನಾಗಪುರದ ಸೀತಾಬರ್ಡಿಯ ಹೆಸರಿನಲ್ಲಿ ಹೆಸರಾದ ಶಿಲಾಶಾಸನವೊಂದಿದೆ. ಶಕ 1008, ಕ್ರಿ.ಶ. 1087ರದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲ. ಅವನ ಸಾಮಂತನೊಬ್ಬನ ಕಡೆಯವರು ಭೂಮಿ ದಾನ ಕೊಟ್ಟಿದ್ದಾರೆ. ದಾನ ಯಾವುದಕ್ಕೆ ಗೊತ್ತೇ? ದನಗಳು ಮೇಯುವುದಕ್ಕೆ. ಅಂದರೆ ಗೋಮಾಳ. ಒಂಬೈನೂರು ವರ್ಷಗಳ ಹಿಂದೆಯೂ ಯಾರಾದರೂ ಅದನ್ನು ನುಂಗಿಯಾರು ಎಂಬ ಭಯ ಇದ್ದಿರಬೇಕು, ಅದಕ್ಕೇ ಕಲ್ಲಿನ ಮೇಲೆ ಕೊರೆಸಿದರು.

ಇದು ಓದಿದ ರಾತ್ರಿ ನಮ್ಮ ಖರೀದಿ ಪತ್ರ ಮತ್ತೆ ತೆಗೆದೆ. 'ದಕ್ಷಿಣಕ್ಕೆ ಖುಲ್ಲಾ ಜಾಗ.' ಲೇಔಟ್ ಮಾಡುವಾಗ ಶೇಕಡಾ 10ರಷ್ಟು ಜಾಗ ಎಲ್ಲರಿಗಾಗಿ ಬಿಡಬೇಕೆಂಬ ನಿಯಮದಂತೆ ಬಿಟ್ಟದ್ದು ಅದು. ಎರಡು ವರ್ಷದಲ್ಲಿ ಅಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಮುರಿದ ಟೈಲ್ಸ್ ಗುಡ್ಡೆಯಾಗಿವೆ. ಮೊನ್ನೆ ಸೊಸೈಟಿ ಸಭೆಯಲ್ಲಿ ಅದನ್ನು ಪಾರ್ಕಿಂಗ್ ಮಾಡಿಬಿಡೋಣ ಎಂದರು. ಕಾರುಗಳು ಹೆಚ್ಚಾಗಿವೆ ಎನ್ನುವುದು ನಿಜ, ನಮ್ಮದೂ ಒಂದಿದೆ. ಆದರೂ ನಾನು ಎದ್ದು ನಿಂತು ನನ್ನ ಹರುಕು ಮರಾಠಿಯಲ್ಲಿ ಆ ಶಾಸನದ ಕಥೆ ಹೇಳಿದೆ. ಕೆಲವರು ನಕ್ಕರು. ಎದುರು ಮನೆಯ ಛತ್ತೀಸ್‌ಗಢದ ಅಜ್ಜಿ ಮಾತ್ರ, "ಮಕ್ಕಳು ಎಲ್ಲಿ ಆಡಬೇಕು, ನಾವು ಎಲ್ಲಿ ಕೂರಬೇಕು?" ಎಂದು ಹಿಂದಿಯಲ್ಲಿ ಕೇಳಿದರು. ಶಾಸನಕ್ಕಿಂತ ಆ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತು. ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಅಷ್ಟರಲ್ಲಿ ನಾವು ಆರು ಜನ ಹೆಂಗಸರು ಭಾನುವಾರ ಬೆಳಿಗ್ಗೆ ಅಲ್ಲಿಯ ಕಲ್ಲು–ಚೂರು ತೆಗೆಯುತ್ತಿದ್ದೇವೆ.

ನದಿಯದೂ ಇದೇ ಕಥೆ. ಪೆಂಚ್ ನೀರಿನ ಜೊತೆಗೆ ನಾಗಪುರ ಕುಡಿಯುವುದು ಕನ್ಹಾನ್ ನೀರನ್ನು. 2022ರ ಜುಲೈ ಮಳೆಗೆ ಬೂದಿ ಹೊಂಡವೊಂದರ ಒಡ್ಡು ಒಡೆದು ಬೂದಿ ನದಿ ಸೇರಿದಾಗ ನಾಗಪುರದ ನಲ್ಲಿಗಳಿಗೂ ತೊಂದರೆಯಾಯಿತು. ನಮ್ಮ ಪತ್ರಗಳಲ್ಲಿ ನದಿಯ ಹೆಸರು ಇಲ್ಲದಿರಬಹುದು, ನಮ್ಮ ಕೊಡಗಳಲ್ಲಿ ಅದೇ ಇದೆ.

ಮಗಳು ಹತ್ತು ಸಾಲು ಬರೆದಳು. ಮೊದಲ ಸಾಲು: "ನನ್ನ ಊರು ಕನ್ಹಾನ್. ನನ್ನ ಊರಿನ ಒಂದು ಎಲ್ಲೆ ನದಿ." ಸೇಡಂ ಆರನೇ ಸಾಲಿನಲ್ಲಿ ಬಂತು, ಅಜ್ಜಿಯ ಊರು ಎಂದು. ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಛಲೋ ಬರದಾಳವ್ವ," ಅಂದಳು.

ನಿಮ್ಮ ಮನೆಯ ಪತ್ರವನ್ನೂ ಒಮ್ಮೆ ತೆಗೆದು ಚಕ್ಕುಬಂದಿ ಓದಿ ನೋಡಿ, ಸಖಿಯರೇ. ಅಲ್ಲಿ ಬರೆದ ಖುಲ್ಲಾ ಜಾಗ, ಹಳ್ಳ, ಕೆರೆ ಇನ್ನೂ ಇವೆಯೇ ಎಂದು ಹೊರಗೆ ಹೋಗಿ ನೋಡಿಕೊಂಡು ಬನ್ನಿ.