ಶಾಲೆಯೇ ಕ್ಷೇತ್ರವಾದಾಗ: ಆರ್. ಎಚ್. ಕಾಡ್ರಿಂಗ್ಟನ್ ಮತ್ತು ಮೆಲನೇಷ್ಯದ ಭಾಷೆಗಳು

ಪಾದ್ರಿಗಳು ರಚಿಸಿದ ತೌಲನಿಕ ವ್ಯಾಕರಣಗಳೆಂದರೆ ದ್ರಾವಿಡ ಭಾಷಾಧ್ಯಯನದಲ್ಲಿ ತೊಡಗಿರುವ ನಮಗೆ ಮೊದಲು ನೆನಪಾಗುವುದು ಕಾಲ್ಡ್‌ವೆಲ್ಲರ 1856ರ ಗ್ರಂಥ. ಅದೇ ಆಂಗ್ಲಿಕನ್ ಸಭೆಯ ಮತ್ತೊಬ್ಬ ಪಾದ್ರಿ ರಾಬರ್ಟ್ ಹೆನ್ರಿ ಕಾಡ್ರಿಂಗ್ಟನ್ (1830–1922). ಮಾನವಶಾಸ್ತ್ರಜ್ಞರು ಅವರನ್ನು ‘ಮನ’ ಎಂಬ ಪರಿಕಲ್ಪನೆಯೊಂದಿಗೆ ಮಾತ್ರ ಗುರುತಿಸುತ್ತಾರೆ. ಭಾಷಾವಿಜ್ಞಾನಕ್ಕೆ ಅವರ ಕೊಡುಗೆ ಅದಕ್ಕಿಂತ ಹಿರಿದೆಂಬುದು ನಮ್ಮ ಅಭಿಪ್ರಾಯ.

ಆಕ್ಸ್‌ಫರ್ಡಿನಲ್ಲಿ ಓದಿ 1857ರಲ್ಲಿ ಗುರುದೀಕ್ಷೆ ಪಡೆದ ಅವರು ನ್ಯೂಜಿಲೆಂಡಿನ ಮೂಲಕ ನಾರ್ಫಕ್ ದ್ವೀಪದ ಮೆಲನೇಷ್ಯನ್ ಮಿಷನ್ ಶಾಲೆಗೆ ಬಂದರು. 1871ರಲ್ಲಿ ಬಿಷಪ್ ಪ್ಯಾಟಿಸನ್ ನುಕಾಪು ದ್ವೀಪದಲ್ಲಿ ಹತರಾದಾಗ ಆ ಪದವಿಯನ್ನು ತಾವು ಸ್ವೀಕರಿಸಲೊಲ್ಲದೆ, 1877ರವರೆಗೆ ಮಿಷನ್ನಿನ ಹೊಣೆಯನ್ನಷ್ಟೇ ಹೊತ್ತರು.

ಆ ಶಾಲೆಯೇ ಅವರ ಅಧ್ಯಯನಕ್ಷೇತ್ರ. ಬ್ಯಾಂಕ್ಸ್, ಸಾಲೊಮನ್ ಮೊದಲಾದ ದ್ವೀಪಸಮೂಹಗಳ ಹುಡುಗರು ಅಲ್ಲಿ ಒಟ್ಟಿಗೆ ಕಲಿಯುತ್ತಿದ್ದರು. ಬ್ಯಾಂಕ್ಸ್ ಸಮೂಹದ ಪುಟ್ಟ ದ್ವೀಪವೊಂದರ ಮೋಟ ಭಾಷೆ ಅವರೆಲ್ಲರ ಸಂಪರ್ಕಭಾಷೆಯಾಗಿತ್ತು. ಬೇರೆ ಬೇರೆ ಭಾಷೆಗಳ ನುಡಿಗರು ಒಂದೇ ಅಂಗಳದಲ್ಲಿ ದೊರೆತದ್ದರಿಂದಲೇ ಮೂವತ್ತಕ್ಕೂ ಹೆಚ್ಚು ವ್ಯಾಕರಣಗಳನ್ನೊಳಗೊಂಡ 1885ರ ‘ದಿ ಮೆಲನೇಷ್ಯನ್ ಲ್ಯಾಂಗ್ವೇಜಸ್’ ಸಾಧ್ಯವಾಯಿತು.

ಮೆಲನೇಷ್ಯನ್ ಮತ್ತು ಪಾಲಿನೇಷ್ಯನ್ ಭಾಷೆಗಳ ಸಾಮ್ಯವನ್ನು ಆಗ ಹಲವರು ಎರವಲೆಂದು ಬಗೆದಿದ್ದರು. ಮೈಬಣ್ಣ ಬೇರೆಯಾದವರ ನುಡಿಯೂ ಮೂಲತಃ ಬೇರೆಯೇ ಇರಬೇಕೆಂಬ ಊಹೆ ಇದರ ಹಿಂದಿತ್ತು. ಕಾಡ್ರಿಂಗ್ಟನ್ ಇದನ್ನು ಒಪ್ಪಲಿಲ್ಲ. ಈ ಸಾಮ್ಯಕ್ಕೆ ಸಮಾನ ಮೂಲವೇ ಕಾರಣವೆಂದು ಅವರು ವಾದಿಸಿದರು. ವಾದದ ಬಲ ವ್ಯಾಕರಣದಲ್ಲಿದೆ. ಮೋಟದಲ್ಲಿ ದೇಹದ ಅಂಗಗಳ ಹಾಗೂ ನಂಟಸ್ತಿಕೆಯ ಹೆಸರುಗಳಿಗೆ ಸ್ವಾಮ್ಯಸೂಚಕ ಪ್ರತ್ಯಯ ನೇರವಾಗಿ ಹತ್ತುತ್ತದೆ. ತಿನ್ನುವ, ಕುಡಿಯುವ ವಸ್ತುಗಳಿಗಾದರೋ ಪ್ರತ್ಯೇಕ ಸ್ವಾಮ್ಯಪದಗಳು ಬೇಕು. ಪಾಲಿನೇಷ್ಯನ್ ಭಾಷೆಗಳಲ್ಲಿ ಆ ನೇರ ಪ್ರತ್ಯಯಗಳು ಬಹುಮಟ್ಟಿಗೆ ಉಳಿದಿಲ್ಲ. ತನ್ನಲ್ಲಿಲ್ಲದ ವ್ಯವಸ್ಥೆಯನ್ನು ಒಂದು ಭಾಷೆ ಇನ್ನೊಂದಕ್ಕೆ ಎರವಲು ಕೊಡಲಾರದಷ್ಟೆ! ಇಂದು ಇವೆರಡನ್ನೂ ಆಸ್ಟ್ರೋನೇಷ್ಯನ್ ಕುಟುಂಬದ ಓಷಿಯಾನಿಕ್ ಶಾಖೆಗೇ ಸೇರಿಸಲಾಗುತ್ತದೆ.

ಆದರೂ ನಮಗೊಂದು ಸಂಶಯವಿದೆ. ಮೋಟದ ಮೂಲಕವೇ ಕಲಿಯುತ್ತಿದ್ದ ಹುಡುಗರಿಂದ ಸಂಗ್ರಹಿಸಿದ ಇತರ ಭಾಷೆಗಳ ವರ್ಣನೆಯಲ್ಲಿ ಮೋಟದ ಅಚ್ಚು ಎಷ್ಟರಮಟ್ಟಿಗೆ ಬಿದ್ದಿದೆ? ಊರಿನಲ್ಲೇ ನೆಲೆಸಿದ ಹಿರಿಯರ ಮಾತು ಈ ವ್ಯಾಕರಣಗಳಲ್ಲಿ ವಿರಳವೆಂಬುದನ್ನೂ ಗಮನಿಸಬೇಕು. ಈ ಗ್ರಂಥವನ್ನು ಆಕರವಾಗಿ ಬಳಸುವವರು ಪ್ರತಿಯೊಂದು ರೂಪವನ್ನೂ ನಂತರದ ಕ್ಷೇತ್ರಕಾರ್ಯದೊಂದಿಗೆ ಹೋಲಿಸಿ ನೋಡುವುದು ಲೇಸು. ಜಾನ್ ಪಾಮರ್ ಅವರೊಡನೆ ಸಿದ್ಧಪಡಿಸಿದ ಮೋಟ ನಿಘಂಟು (1896) ಇಂತಹ ಸಂಶಯಕ್ಕೆ ಬಹುಪಾಲು ಹೊರತು. ಮುಂದೆ 1931ರಲ್ಲಿ ಮಿಷನ್ ಮೋಟವನ್ನು ಕೈಬಿಟ್ಟು ಇಂಗ್ಲಿಷನ್ನು ಆಯ್ದುಕೊಂಡಿತು. ಮೋಟ ಮತ್ತೆ ಒಂದು ದ್ವೀಪದ ನುಡಿಯಾಯಿತು.