ಎತ್ತಿನ ಲೆಕ್ಕ, ಕುರಿಯ ಲೆಕ್ಕ

ಬನ್ನೂರು ಕುರಿಯ ಬಗ್ಗೆ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಗಿಡ್ಡ ಕಾಲು, ಅಗಲ ಬೆನ್ನು. ಮಾಂಸದ ರುಚಿಗೆ ಹೆಸರುವಾಸಿ. ಆದರೆ ಕುರಿಯನ್ನು ಕಾಡುವ ರೋಗದ ಮೇಲೆ ಸರ್ಕಾರ ದೊಡ್ಡ ಮೊತ್ತದ ಹಣ ಹಾಕತೊಡಗಿದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಎತ್ತಿನ ಸರದಿಯಿತ್ತು.

ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ (ಬೆಂಗಳೂರಿನದು, ನಮ್ಮೂರಿನದಲ್ಲ) ಸೀರಂ ಸಂಸ್ಥೆಯನ್ನು ತೆರೆಯಿತು. ಆಗಿನ ಶತ್ರು ದನಗಳ ದೊಡ್ಡರೋಗ. ಎತ್ತು ಸತ್ತರೆ ಉಳುಮೆ ನಿಲ್ಲುತ್ತದೆ, ಉಳುಮೆ ನಿಂತರೆ ಕಂದಾಯ ಬಾರದು. ಹೀಗಾಗಿ ರೈತನ ನಷ್ಟ ಖಜಾನೆಯ ನಷ್ಟವೂ ಆಗುತ್ತಿತ್ತು. ಕುರಿ ಸತ್ತರೆ ಅದು ಕುರಿಗಾಹಿಯ ಹಣೆಬರಹ, ಅಷ್ಟೆ.

ಸೀರಂ ದುಬಾರಿ ವಸ್ತು. ರೋಗವನ್ನು ಗೆದ್ದ ಜಾನುವಾರಿನ ರಕ್ತದಿಂದ ಅದನ್ನು ತೆಗೆಯಬೇಕು; ಚುಚ್ಚಿದರೆ ಸಿಗುವ ರಕ್ಷಣೆ ಕೆಲವೇ ದಿನಗಳದ್ದು. 1920ರ ದಶಕದಲ್ಲಿ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ರೋಗಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ಪಳಗಿಸಿದ ಮೇಲೆ ಲೆಕ್ಕವೇ ತಿರುಗಿತು. ಒಂದು ಮೇಕೆಯ ಗುಲ್ಮದಿಂದ ನೂರಾರು ದನಗಳಿಗೆ ಸಾಲುವಷ್ಟು ಲಸಿಕೆ! 1954ರಲ್ಲಿ ದೇಶವ್ಯಾಪಿ ಆಂದೋಲನ ಶುರುವಾಯಿತು. ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. ಜಗತ್ತೇ ಅದರಿಂದ ಮುಕ್ತವೆಂದು ಸಾರಿದ್ದು 2011ರಲ್ಲಿ.

ಇತ್ತ ಆಡು-ಕುರಿಗಳು ಬಾಯಿ ಹುಣ್ಣಾಗಿ, ಭೇದಿಯಾಗಿ ಸತ್ತರೆ ಅದೂ ದೊಡ್ಡರೋಗವೇ ಎಂದು ಬಹುಕಾಲ ಭಾವಿಸಲಾಗಿತ್ತು. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಬೇರೊಂದು ವೈರಸ್ ಪತ್ತೆಯಾಯಿತು. ಅದೇ ಪಿಪಿಆರ್. ಇದಕ್ಕೂ ಲಸಿಕೆ ಬಂತು. ಒಮ್ಮೆ ಹಾಕಿದರೆ ಮೂರು ವರ್ಷಕ್ಕೆ ಮೋಸವಿಲ್ಲ.

ಆದರೆ ಕುರಿಗೆ ಎತ್ತಿನ ಲೆಕ್ಕ ಹೊಂದದು. ಲಸಿಕೆ ಪಡೆದ ಎತ್ತು ವರ್ಷಗಟ್ಟಲೆ ದುಡಿಯುತ್ತದೆ. ಟಗರುಮರಿ ಹಬ್ಬಕ್ಕೆ ಮೊದಲೇ ಮಾರಾಟವಾಗುತ್ತದೆ. ಅದರ ಜಾಗಕ್ಕೆ ಲಸಿಕೆ ಕಾಣದ ಹೊಸ ಮರಿ ಬರುತ್ತದೆ. ಮೇವು ಅರಸಿ ಊರೂರು ಅಲೆಯುವ ಮಂದೆಗಳ ಮಟ್ಟಿಗಂತೂ ಲಸಿಕೆಗಿಂತ ಮಂದೆಯನ್ನು ಹುಡುಕಿ ತಲುಪುವುದೇ ದುಬಾರಿ. ಇನ್ನು ಮಂದೆಯಲ್ಲಿ ಮೂಗು ಸೋರುವ ಕುರಿ ಕಂಡರೆ ಒಡೆಯ ಮೊದಲು ಓಡುವುದು ಸಂತೆಗೆ. ಸಿಕ್ಕಷ್ಟು ದುಡ್ಡಾದರೂ ಉಳಿಯಲಿ ಎಂಬ ಅವನ ಲೆಕ್ಕ ತಪ್ಪೆನ್ನಲಾಗದು. ಆದರೆ ರೋಗವೂ ಅದೇ ಸಂತೆಯಿಂದ ಹತ್ತು ಊರು ಸೇರುತ್ತದೆ. ಲಸಿಕೆ ಹಾಕಿಸಿದವನಿಗಷ್ಟೇ ಅಲ್ಲ, ಹಾಕಿಸದ ನೆರೆಯವನಿಗೂ ಲಾಭ. ಹಾಗಿರುವಾಗ ಕುರಿಗಾಹಿಯೊಬ್ಬನೇ ಖರ್ಚು ಹೊರಲಿ ಎನ್ನುವುದು ನಡೆಯುವ ಮಾತಲ್ಲ. ಸರ್ಕಾರವೇ ಉಚಿತವಾಗಿ ಹಾಕಬೇಕಾಗುತ್ತದೆ.

ಸತ್ತ ಕುರಿಗೆ ‘ಅನುಗ್ರಹ’ ಯೋಜನೆಯಲ್ಲಿ ರಾಜ್ಯ 5,000 ರೂಪಾಯಿ ಕೊಟ್ಟದ್ದುಂಟು. ಆ ಮೊತ್ತದ ಮುಂದೆ ಲಸಿಕೆಯ ಬೆಲೆ ಏನೇನೂ ಅಲ್ಲ. 2030ರೊಳಗೆ ಪಿಪಿಆರ್ ಅನ್ನು ಜಗತ್ತಿನಿಂದಲೇ ಅಳಿಸುವ ಗುರಿಯನ್ನು ಅಂತಾರಾಷ್ಟ್ರೀಯ ಸಂಸ್ಥೆಗಳು 2015ರಲ್ಲಿ ಹಾಕಿಕೊಂಡವು.