ಬಿಸ್ಟನ್ ಬೆಟುಲೇರಿಯಾ: ಒಂದು ಪತಂಗದ ಬಣ್ಣದ ಇತಿಹಾಸ

ಬಿಸ್ಟನ್ ಬೆಟುಲೇರಿಯಾ ಎಂಬುದು ಬ್ರಿಟನ್ನಿನ ತೋಪುಗಳಲ್ಲಿ ಸಾಮಾನ್ಯವಾಗಿ ಕಾಣುವ, ರಾತ್ರಿ ಹಾರಾಡುವ ಪತಂಗ. ಅದರ ಬಿಳಿ ರೆಕ್ಕೆಗಳ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿರುತ್ತವೆ. ಹಗಲೆಲ್ಲ ಅದು ರೆಕ್ಕೆ ಹರಡಿಕೊಂಡು ಮರಕ್ಕೆ ಅಂಟಿ ಕೂತಿರುತ್ತದೆ. ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಕೂತರಂತೂ ಹುಡುಕುವವರ ಕಣ್ಣಿಗೂ ಥಟ್ಟನೆ ಬೀಳದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದೇ ಜಾತಿಯ ಇದ್ದಿಲುಗಪ್ಪು ಪತಂಗವೊಂದು ಸಿಕ್ಕಿತು. ಕೀಟಸಂಗ್ರಾಹಕರಿಗೆ ಆಗ ಅದೊಂದು ಅಪರೂಪದ ವಸ್ತು, ಅಷ್ಟೆ. 1895ರ ಹೊತ್ತಿಗೆ ಅದೇ ಊರಿನ ಈ ಪತಂಗಗಳಲ್ಲಿ ಶೇಕಡಾ 98ರಷ್ಟು ಕಪ್ಪಾಗಿದ್ದವು. ಐವತ್ತು ವರ್ಷ ಕೂಡ ತುಂಬಿರಲಿಲ್ಲ. ಜೀವವಿಕಾಸವೆಂದರೆ ಲಕ್ಷಾಂತರ ವರ್ಷ ಹಿಡಿಯುವ, ಮನುಷ್ಯನ ಆಯುಸ್ಸಿನಲ್ಲಿ ಕಾಣಸಿಗದ ಕ್ರಿಯೆ ಎಂದು ನಂಬಿದ್ದ ಕಾಲದಲ್ಲಿ ಇದು ಗಿರಣಿಗಳ ಪಕ್ಕದಲ್ಲೇ ನಡೆಯಿತು. ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುವಾಗ ನಿಜಕ್ಕೂ ಬದಲಾಗುವುದು ಏನು ಎಂಬುದಕ್ಕೆ ಇಷ್ಟು ವಿವರವಾದ ದಾಖಲೆ ಸಿಗುವ ಪ್ರಕರಣಗಳು ಕಡಿಮೆ.

ಬದಲಾದದ್ದು ಒಂದೊಂದು ಪತಂಗವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬಿಳಿಯಾಗಿ ಹುಟ್ಟಿದ್ದು ಬಿಳಿಯಾಗಿಯೇ ಸಾಯುತ್ತದೆ, ಕಪ್ಪಾಗಿ ಹುಟ್ಟಿದ್ದು ಕಪ್ಪಾಗಿಯೇ. ಕಲ್ಲಿದ್ದಲ ಹೊಗೆ ಕಲ್ಲುಹೂವುಗಳನ್ನು ಕೊಂದು ತೊಗಟೆಗೆ ಮಸಿ ಬಳಿದಾಗ, ಬಿಳಿ ಪತಂಗಗಳು ಹಕ್ಕಿಗಳ ಕಣ್ಣಿಗೆ ಎದ್ದು ಕಂಡವು, ಕಪ್ಪು ಪತಂಗಗಳು ಮರೆಯಾದವು, ಉಳಿದವು ಮೊಟ್ಟೆಯಿಟ್ಟವು. 1896ರಲ್ಲಿ ಜೆ. ಡಬ್ಲ್ಯು. ಟಟ್ ಕೊಟ್ಟ ವಿವರಣೆಯ ಸಾರ ಇದು. ಎಲ್ಲರೂ ಇದನ್ನು ಒಪ್ಪಲಿಲ್ಲ. ಹಕ್ಕಿಗಳು ಹೀಗೆ ಆರಿಸಿ ತಿನ್ನುವುದನ್ನು ಕಂಡವರಾರು ಎಂಬ ಪ್ರಶ್ನೆ ಬಹುಕಾಲ ಉಳಿಯಿತು. 1920ರ ದಶಕದಲ್ಲಿ ಹೆಸ್ಲಾಪ್ ಹ್ಯಾರಿಸನ್ ಬೇರೆಯೇ ವಾದ ಮುಂದಿಟ್ಟರು: ಹೊಗೆಯಿಂದ ಎಲೆಗಳ ಮೇಲೆ ಕೂರುವ ಲೋಹದ ಲವಣಗಳನ್ನು ಕಂಬಳಿಹುಳುಗಳು ತಿನ್ನುತ್ತವೆ, ಅದರಿಂದಲೇ ಕಪ್ಪು ಬಣ್ಣದ ಉತ್ಪರಿವರ್ತನೆ ಹುಟ್ಟುತ್ತದೆ. ಅವರ ಫಲಿತಾಂಶ ಬೇರೆಯವರ ಪ್ರಯೋಗಗಳಲ್ಲಿ ಮರುಕಳಿಸಲಿಲ್ಲ. ಈ ಎರಡು ವಾದಗಳ ನಡುವಿನ ಅಂತರ ದೊಡ್ಡದು. ಒಂದರಲ್ಲಿ ಪರಿಸರವೇ ತನಗೆ ಬೇಕಾದ ಗುಣವನ್ನು ಹುಟ್ಟಿಸುತ್ತದೆ. ಇನ್ನೊಂದರಲ್ಲಿ ಗುಣ ಆಕಸ್ಮಿಕವಾಗಿ ಹುಟ್ಟುತ್ತದೆ, ಪರಿಸರ ಅದನ್ನು ಉಳಿಸುತ್ತದೆ ಇಲ್ಲವೇ ಅಳಿಸುತ್ತದೆ.

ಲೆಕ್ಕ ಹಾಕಿ ನೋಡಿದವರು ಜೆ. ಬಿ. ಎಸ್. ಹಾಲ್ಡೇನ್. ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಇವರೇ. ಈ ಪತಂಗಕ್ಕೆ ವರ್ಷಕ್ಕೊಂದೇ ತಲೆಮಾರು. ಸುಮಾರು ಐವತ್ತು ತಲೆಮಾರುಗಳಲ್ಲಿ ಅಪರೂಪದ ರೂಪವೊಂದು ಬಹುತೇಕ ಎಲ್ಲೆಡೆ ತುಂಬಬೇಕಾದರೆ, ಪ್ರತಿ ತಲೆಮಾರಿನಲ್ಲೂ ಬಿಳಿಯದಕ್ಕಿಂತ ಕಪ್ಪು ರೂಪ ಒಂದೂವರೆ ಪಟ್ಟು ಹೆಚ್ಚು ಯಶಸ್ವಿಯಾಗಿರಬೇಕು ಎಂದು ಅವರು 1924ರಲ್ಲಿ ತೋರಿಸಿದರು. ನಿಸರ್ಗದ ಆಯ್ಕೆ ಇಷ್ಟು ಬಿರುಸಾಗಿರಲು ಸಾಧ್ಯವೇ ಎಂದು ಅಂದು ಹಲವರಿಗೆ ಅನಿಸಿತು. ಕಪ್ಪು ಬಣ್ಣದ ಜೀನ್ ಪ್ರಬಲ ಜೀನ್ ಎಂಬುದನ್ನೂ ಇಲ್ಲಿ ಗಮನಿಸಬೇಕು: ತಂದೆಯಿಂದಲೋ ತಾಯಿಯಿಂದಲೋ ಒಂದು ಪ್ರತಿ ಬಂದರೆ ಸಾಕು, ಪತಂಗ ಕಪ್ಪಾಗುತ್ತದೆ. ಆದ್ದರಿಂದ ನೂರಕ್ಕೆ ಎರಡೇ ಬಿಳಿ ಪತಂಗ ಉಳಿದಿದ್ದಾಗಲೂ ಬಿಳಿ ಬಣ್ಣದ ಜೀನ್ ಅಷ್ಟು ವಿರಳವಾಗಿರಲಿಲ್ಲ. ಸಾಮಾನ್ಯ ಅನುವಂಶೀಯ ಲೆಕ್ಕದಂತೆ ಕಪ್ಪು ಪತಂಗಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅದನ್ನು ಹೊರಗೆ ತೋರದಂತೆ ಹೊತ್ತಿರಬೇಕು. ಮುಂದೆ ಗಾಳಿ ತಿಳಿಯಾದಾಗ ಬಿಳಿ ರೂಪ ಮರಳಲು ಹೊಸ ಉತ್ಪರಿವರ್ತನೆಗಾಗಿ ಕಾಯಬೇಕಾಗಲಿಲ್ಲ.

ಹಕ್ಕಿಗಳ ಪ್ರಶ್ನೆಗೆ ಪ್ರಯೋಗದ ಉತ್ತರ ಬಂದದ್ದು 1950ರ ದಶಕದಲ್ಲಿ. ಆಕ್ಸ್‌ಫರ್ಡಿನ ಬರ್ನಾರ್ಡ್ ಕೆಟಲ್‌ವೆಲ್ 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿ ಹಿಡಿದ ತೋಪೊಂದರಲ್ಲಿ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದರು. ಕಪ್ಪಿನಲ್ಲಿ ಶೇಕಡಾ 27.5, ಬಿಳಿಯಲ್ಲಿ ಶೇಕಡಾ 13 ಮರಳಿ ಸಿಕ್ಕವು. 1955ರಲ್ಲಿ ಹೊಗೆಯಿಲ್ಲದ ಡಾರ್ಸೆಟ್‌ನ ಕಾಡಿನಲ್ಲಿ ಫಲಿತಾಂಶ ತಿರುಗುಮುರುಗಾಯಿತು: ಬಿಳಿಯವು ಶೇಕಡಾ 12.5, ಕಪ್ಪು ಶೇಕಡಾ 6.3. ಹಕ್ಕಿಗಳು ಮರದಿಂದ ಪತಂಗಗಳನ್ನು ಕಚ್ಚಿ ಒಯ್ಯುವುದನ್ನು ನಿಕೋ ಟಿನ್‌ಬರ್ಗನ್ ಚಿತ್ರೀಕರಿಸಿದರು. ಪಠ್ಯಪುಸ್ತಕಗಳು ಈ ಕಥೆಯನ್ನು ಎತ್ತಿಕೊಂಡವು, ಅದರ ಅಂಚುಗಳನ್ನು ಉಜ್ಜಿ ನಯಗೊಳಿಸಿಯೂ ಬಿಟ್ಟವು.

ಆ ನಯಗಾರಿಕೆಗೆ ಬೆಲೆ ತೆರಬೇಕಾಯಿತು. ಕೆಟಲ್‌ವೆಲ್ ಹಗಲಿನಲ್ಲಿ ಪತಂಗಗಳನ್ನು ಬಿಟ್ಟಿದ್ದರು, ಸಹಜಕ್ಕಿಂತ ದಟ್ಟವಾಗಿ ಬಿಟ್ಟಿದ್ದರು. ಪಠ್ಯಗಳಲ್ಲಿ ಅಚ್ಚಾದ ಪ್ರಸಿದ್ಧ ಚಿತ್ರಗಳು ಪತಂಗಗಳನ್ನು ಕಾಂಡದ ಮೇಲೆ ಇಟ್ಟು ತೆಗೆದವು. ಪತಂಗಗಳು ಕಾಂಡದ ಮೇಲೆ ಕೂರುವುದೇ ಇಲ್ಲ ಎಂಬ ಮಾತೂ ಹಬ್ಬಿತು. 2002ರಲ್ಲಿ ಪ್ರಕಟವಾದ ಜುಡಿತ್ ಹೂಪರ್ ಅವರ ಪುಸ್ತಕ ಇಡೀ ಪ್ರಯೋಗದ ಪ್ರಾಮಾಣಿಕತೆಯನ್ನೇ ಶಂಕಿಸಿತು. ಜೀವವಿಕಾಸವನ್ನು ಒಪ್ಪದವರಿಗೆ ಅದು ಒಳ್ಳೆಯ ಆಯುಧವಾಯಿತು. ವಿಧಾನದ ಬಗೆಗಿನ ಆಕ್ಷೇಪಗಳಲ್ಲಿ ಹುರುಳಿತ್ತು, ಅದನ್ನು ಒಪ್ಪಲೇಬೇಕು. ಚಿತ್ರ ಹೇಗೆ ತೆಗೆದರು ಎಂಬುದು ಮಾತ್ರ ಪ್ರಯೋಗದ ಸಾಕ್ಷ್ಯವಲ್ಲ. ಎರಡು ಬಣ್ಣಗಳನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಲು ಹಾಗೆ ಇಡದೆ ಗತ್ಯಂತರವಿರಲಿಲ್ಲ. ಪ್ರಯೋಗದ ದೋಷಕ್ಕೆ ಸರಿಯಾದ ಉತ್ತರ ಇನ್ನೂ ಒಳ್ಳೆಯ ಪ್ರಯೋಗ. ಅದನ್ನು ಮಾಡಿದವರು, ಕೆಟಲ್‌ವೆಲ್ ವಿಧಾನವನ್ನು ಸ್ವತಃ ಟೀಕಿಸಿದ್ದ ಕೇಂಬ್ರಿಜ್‌ನ ಮೈಕೆಲ್ ಮಜೆರಸ್. 2001ರಿಂದ 2007ರವರೆಗೆ ಅವರು 4,864 ಪತಂಗಗಳನ್ನು ಸಹಜ ದಟ್ಟಣೆಗೆ ಹತ್ತಿರವಾಗಿ, ರಾತ್ರಿಯೇ ಬಿಟ್ಟು, ತಾವಾಗಿ ಕೂರಲು ಅವಕಾಶ ಕೊಟ್ಟರು. ಒಂಬತ್ತು ಜಾತಿಯ ಹಕ್ಕಿಗಳು ಅವನ್ನು ತಿನ್ನುವುದು ಕಂಡುಬಂತು. ಗಾಳಿ ಶುಭ್ರವಾಗಿದ್ದ ಆ ಜಾಗದಲ್ಲಿ ಕಪ್ಪು ಪತಂಗ ದಿನವೊಂದಕ್ಕೆ ಬದುಕುಳಿಯುವ ಸಾಧ್ಯತೆ ಬಿಳಿಯದಕ್ಕಿಂತ ಸುಮಾರು ಶೇಕಡಾ 9 ಕಡಿಮೆಯಿತ್ತು. ಕೂರುವ ಜಾಗದ ವಿಷಯಕ್ಕೂ ಉತ್ತರ ಸಿಕ್ಕಿತು: ಅರ್ಧದಷ್ಟು ಕೊಂಬೆಗಳ ಮೇಲೆ, ಮೂರನೇ ಒಂದು ಭಾಗದಷ್ಟು ಕಾಂಡದ ಮೇಲೆಯೇ. ಮಜೆರಸ್ 2009ರಲ್ಲಿ ತೀರಿಕೊಂಡರು. ಸಹವಿಜ್ಞಾನಿಗಳು 2012ರಲ್ಲಿ ಅವರ ಅಂಕಿಅಂಶಗಳನ್ನು ಪ್ರಕಟಿಸಿದರು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಬಣ್ಣ ಹಿಂದಿರುಗಿದ್ದು. 1952ರ ಲಂಡನ್ ಹೊಗೆಮಂಜಿನ ದುರಂತದ ನಂತರ 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು. ಲಿವರ್‌ಪೂಲ್ ಬಳಿ ಸಿರಿಲ್ ಕ್ಲಾರ್ಕ್ 1959ರಿಂದ ವರ್ಷವರ್ಷವೂ ಪತಂಗ ಹಿಡಿದು ಎಣಿಸಿದರು. ಆರಂಭದಲ್ಲಿ ಶೇಕಡಾ 90ಕ್ಕೂ ಮೀರಿದ್ದ ಕಪ್ಪು ರೂಪ 1990ರ ದಶಕದ ನಡುವಿನಲ್ಲಿ ಶೇಕಡಾ 20ರ ಕೆಳಗಿಳಿದಿತ್ತು. ಸಾಗರದಾಚೆ, ಅಮೆರಿಕದ ಮಿಷಿಗನ್‌ನಲ್ಲಿ, ಇದೇ ಜಾತಿಯ ಬೇರೊಂದು ಉಪಜಾತಿಯಲ್ಲೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಇಳಿಕೆ ಇದೇ ಪ್ರಮಾಣದಲ್ಲಿತ್ತು. ಒಂದೇ ಕಡೆ ಒಂದೇ ದಿಕ್ಕಿಗೆ ನಡೆದ ಬದಲಾವಣೆಯನ್ನು ಆಕಸ್ಮಿಕ ಎನ್ನಬಹುದು. ಹೊಗೆ ಏರಿದಾಗ ಏರಿ, ಇಳಿದಾಗ ಇಳಿದು, ಎರಡು ಖಂಡಗಳಲ್ಲಿ ಹಾಗೆಯೇ ನಡೆದದ್ದನ್ನು ಆಕಸ್ಮಿಕ ಎನ್ನಲಾಗದು. ಒಂದು ಮಾತನ್ನು ಮಾತ್ರ ತಿದ್ದಬೇಕಾಗಿದೆ: ಎಲ್ಲವೂ ಕಲ್ಲುಹೂವಿನಿಂದಲೇ ಎಂಬ ವಿವರಣೆ ಅತಿಸರಳ. ಮಿಷಿಗನ್‌ನಲ್ಲಿ ಕಲ್ಲುಹೂವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣದಿದ್ದರೂ ಕಪ್ಪು ರೂಪ ಇಳಿಯಿತು. ಪೂರ್ವ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ, ಗಿರಣಿಗಳಿಂದ ದೂರದಲ್ಲಿ, ಕಪ್ಪು ಪತಂಗಗಳು ಒಂದು ಕಾಲಕ್ಕೆ ಬಹಳವಾಗಿದ್ದವು. ಗಂಡು ಪತಂಗಗಳು ಒಂದೇ ರಾತ್ರಿ ಕಿಲೋಮೀಟರುಗಟ್ಟಲೆ ಹಾರುತ್ತವೆ, ಎಳೆಯ ಹುಳುಗಳು ನೂಲಿಗೆ ಜೋತುಬಿದ್ದು ಗಾಳಿಯಲ್ಲಿ ತೇಲಿಹೋಗುತ್ತವೆ. ಹೀಗಾಗಿ ಒಂದೂರಿನ ಆಯ್ಕೆಯ ಫಲ ಇನ್ನೊಂದೂರಿನಲ್ಲೂ ಕಾಣುತ್ತದೆ.

ಜೀನಿನ ಗುರುತು ಸಿಕ್ಕಿದ್ದು 2016ರಲ್ಲಿ. ಲಿವರ್‌ಪೂಲಿನ ಇಲಿಕ್ ಸಾಚೆರಿ ಅವರ ತಂಡ, ಕಾರ್ಟೆಕ್ಸ್ ಎಂಬ ಜೀನಿನೊಳಗೆ ಸುಮಾರು 22,000 ಅಕ್ಷರಗಳಷ್ಟು ಉದ್ದದ ಜಿಗಿಯುವ ಡಿಎನ್‌ಎ ತುಣುಕೊಂದು ಸೇರಿಕೊಂಡಿರುವುದೇ ಕಪ್ಪು ಬಣ್ಣದ ಮೂಲ ಎಂದು ತೋರಿಸಿತು. ಸುತ್ತಲಿನ ಡಿಎನ್‌ಎಯನ್ನು ಹೋಲಿಸಿ, ಅದು 1819ರ ಸುಮಾರಿಗೆ ಸೇರಿಕೊಂಡಿರಬೇಕೆಂದು ಅಂದಾಜಿಸಿತು. ಹೊಗೆಯೇ ಕಪ್ಪನ್ನು ಹುಟ್ಟಿಸಿತೆಂಬ ಹ್ಯಾರಿಸನ್ ವಾದಕ್ಕೆ ಇದು ಕೊಡುವ ಪೆಟ್ಟು ದೊಡ್ಡದು. ಹೊಗೆ ತಿಂದ ಹುಳುಗಳಲ್ಲೆಲ್ಲ ಬಣ್ಣ ಮತ್ತೆ ಮತ್ತೆ ಹುಟ್ಟಿದ್ದರೆ, ಬ್ರಿಟನ್ನಿನ ಈ ಕಪ್ಪು ಪತಂಗಗಳಲ್ಲಿ ಒಂದೇ ತುಣುಕು ಒಂದೇ ಜಾಗದಲ್ಲಿ ಸಿಗುತ್ತಿರಲಿಲ್ಲ. ಚಿಟ್ಟೆಗಳ ಮೇಲಿನ ಇತ್ತೀಚಿನ ಸಂಶೋಧನೆಗಳು ಬಣ್ಣವನ್ನು ನಿಯಂತ್ರಿಸುವುದು ಕಾರ್ಟೆಕ್ಸ್ ಪ್ರೋಟೀನ್ ಅಲ್ಲ, ಅದೇ ಪ್ರದೇಶದಿಂದ ಹೊರಡುವ ಪುಟ್ಟ ಆರ್‌ಎನ್‌ಎ ಎಂದು ಸೂಚಿಸುತ್ತಿವೆ.

ಪತಂಗ ಕೊನೆಗೂ ಪತಂಗವಾಗಿಯೇ ಉಳಿಯಿತಲ್ಲ, ಹೊಸ ಜಾತಿ ಹುಟ್ಟಲಿಲ್ಲವಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ನಿಜ. ಹೊಸ ಜಾತಿ ಹುಟ್ಟಲು ಗುಂಪುಗಳು ಬೇರ್ಪಟ್ಟು, ಪರಸ್ಪರ ಕೂಡದಷ್ಟು ಭಿನ್ನವಾಗಬೇಕು. ಇಲ್ಲಿ ಕಪ್ಪು-ಬಿಳಿ ಸದಾ ಕೂಡುತ್ತಲೇ ಇದ್ದವು. ಈ ಪ್ರಕರಣ ರುಜುವಾತು ಮಾಡುವುದು ಅದನ್ನಲ್ಲ, ಹೊಂದಾಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು. ಇದೇ ಪತಂಗದ ಕಂಬಳಿಹುಳುವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಕಡ್ಡಿಯಂತೆ ಸೆಟೆದು ನಿಲ್ಲುವ ಆ ಹುಳು ತಾನು ಕೂತ ಕಡ್ಡಿಯ ಬಣ್ಣವನ್ನು ಚರ್ಮದಿಂದಲೂ ಗ್ರಹಿಸಿ, ದಿನಗಳು ಕಳೆದಂತೆ ತನ್ನ ಮೈಬಣ್ಣವನ್ನೇ ಅದಕ್ಕೆ ಹೊಂದಿಸಿಕೊಳ್ಳಬಲ್ಲದು. ಆದರೆ ಆ ಬಣ್ಣ ಮಕ್ಕಳಿಗೆ ದಾಟುವುದಿಲ್ಲ. ದಾಟುವುದು ಹಾಗೆ ಬದಲಾಯಿಸಿಕೊಳ್ಳುವ ಸಾಮರ್ಥ್ಯ, ಅದೂ ಆಯ್ಕೆಯ ಫಲವೇ.